ದಪ್ಪ ಪಿನ್ನಿನ ಕೀಬೋರ್ಡು

"ಅಕ್ಕಾರೆ, ಈ ಕೀಬೋರ್ಡ್ ಸತ್ತೈತಿ. ಗುಜರಿಗಿ ಹಾಕ್ರಿ," ಎಂದ ಶಶಿಕಾಂತ್.

ಬಳ್ಳಾರಿಯ ಮೋತಿ ಸರ್ಕಲ್ ಹತ್ತಿರ ಅವನದು ಕಂಪ್ಯೂಟರ್ ಅಂಗಡಿ. ನನಗೆ ಪಿತ್ತ ನೆತ್ತಿಗೇರಿತು. ಹಿಂದಿನ ವಾರ ಇದೇ ಮಹಾನುಭಾವ ನೇರಳೆ ಬಣ್ಣದ ಒಂದು ಪುಟ್ಟ ಪಿನ್ನು ನನ್ನ ಕೈಗಿಟ್ಟು, "ಇದನ್ನ ನಡುವ ಹಾಕಿ ಕಂಪ್ಯೂಟರಿಗಿ ಚುಚ್ಚಿದ್ರ ಮುಗೀತು, ಕುದರಿ ಓಡಿದಂಗ ಓಡತೈತಿ" ಎಂದು ಕಳಿಸಿದ್ದ. ಮನೆಗೆ ಹೋಗಿ ಚುಚ್ಚಿದರೆ ಕೀಬೋರ್ಡಿನ ಮೂರು ದೀಪ ಒಮ್ಮೆ ಮಿಣುಕಿ ಆರಿಹೋದವು. ಒಂದಕ್ಷರವೂ ಪರದೆಗೆ ಬರಲಿಲ್ಲ.

"ಸತ್ತಿದ್ರ ದೀಪ ಹ್ಯಾಂಗ ಮಿಣುಕಿದವು?"

"ಹಳೇದು ಅಕ್ಕಾರೆ. ಇಂಥಾವು ಈಗ ಯಾರ ಹತ್ರನೂ ಇಲ್ಲ. ವೈರಿಲ್ಲದ್ದು ಕೊಡ್ತೀನಿ ತಗೊಳ್ರಿ. ಬೆಳ್ಳಗ, ತೆಳ್ಳಗ, ಹಪ್ಪಳ ಇದ್ದಂಗ ಐತಿ."

"ಹಪ್ಪಳ ನೀನ ಕರದು ತಿನ್ನು! ಕುಣಿಯಾಕ ಬರದಾಕಿ ನೆಲ ಡೊಂಕು ಅಂದ್ಲಂತ. ನನಗ ಹಚ್ಚಾಕ ಬರೂದಿಲ್ಲ ಅಂತ ಹೇಳು, ಒಪ್ಗೊತೀನಿ. ಸತ್ತೈತಿ ಅಂತ ಮಾತ್ರ ಅನಬ್ಯಾಡ."

ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ನೋಡಲಿ, ನನಗೇನು. ಕೀಬೋರ್ಡನ್ನು ಕಂಕುಳಲ್ಲಿ ಅವುಚಿಕೊಂಡು ಹೊರಬಿದ್ದೆ.

ಅದು ನಮ್ಮ ಮನೆಯವರದು. ಅವರ ಹೆಸರು ಜಂಬುನಾಥ. ಕೌಲ್ ಬಜಾರಿನಲ್ಲಿ ನಮ್ಮದು ಡಿಟಿಪಿ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಮದುವೆ ಕಾರ್ಡು, ಬಿಲ್ ಬುಕ್ಕು, ಕರಪತ್ರ, ಏನೇ ಬರಲಿ ಟೈಪು ಮಾಡುವುದು ಅವರು, ಪುಟ ಕಟ್ಟುವುದು ನಾನು. ಅಂಗಡಿ ತೆರೆದಾಗ ಕೊಂಡ ಕೀಬೋರ್ಡನ್ನೇ ಅವರು ಇಂದಿನವರೆಗೂ ಬಿಟ್ಟಿರಲಿಲ್ಲ. ಕಂಪ್ಯೂಟರ್ ಬದಲಾದರೂ ಕೀಬೋರ್ಡು ಬದಲಾಗಲಿಲ್ಲ. ರೊಟ್ಟಿ ಬಡಿಯುವ ಕಲ್ಲಿನಷ್ಟು ತೂಕ, ಹೆಬ್ಬೆರಳಿನಷ್ಟು ದಪ್ಪದ ದುಂಡನೆ ಪಿನ್ನು. ಒಂದೊಂದು ಕೀಲಿಯ ಕೆಳಗೂ ಸ್ಪ್ರಿಂಗು. ಒತ್ತಿದರೆ ಟಕ್ ಎಂದು ಬೀದಿಗೆ ಕೇಳುವ ಸಪ್ಪಳ. "ಆ ಸಪ್ಪಳಕ್ಕ ನನ್ನ ತಲಿ ಒಡೀತೈತ್ರಿ" ಎಂದು ನಾನು ಎಷ್ಟು ಬೈದಿದ್ದೇನೋ.

ಐದು ತಿಂಗಳ ಹಿಂದೆ ಅವರಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು, ನಾಲಿಗೆ ಹೊರಳದೆ ಹೋಯಿತು. "ಬುದ್ಧಿಗೆ ಏನೂ ಆಗಿಲ್ಲಮ್ಮ, ಎಲ್ಲ ತಿಳಿಯುತ್ತೆ, ಹೇಳೋದಕ್ಕೆ ಆಗಲ್ಲ ಅಷ್ಟೆ" ಎಂದರು ಡಾಕ್ಟರು. ಅಷ್ಟೆಯಂತೆ! ಎಡಗೈಯಲ್ಲಿ ಎರಡು ಬೆರಳು ಮಾತ್ರ ಅವರ ಮಾತು ಕೇಳುತ್ತಿದ್ದವು, ಅಂಗೈ ಇಟ್ಟಲ್ಲೇ ಕುಸಿದು ಬೀಳುತ್ತಿತ್ತು. ಪೆನ್ನು ಹಿಡಿಸಿದೆ, ಗೀಚಿದರು. ಹಾಳೆಯ ಮೇಲೆ ಅಆಇಈ ನಾನೇ ಬರೆದು ಬೆರಳಿಟ್ಟು ತೋರಿಸಿರಿ ಅಂದೆ, ಬೆರಳು ಅ-ದಿಂದ ಹೊರಟು ಳ-ಕ್ಕೆ ಜಾರಿ ನಿಂತಿತು. ಮೊಬೈಲು ಕೊಟ್ಟರೆ ಮುಟ್ಟುವುದರೊಳಗೆ ಹತ್ತು ಅಕ್ಷರ ಬಿದ್ದಿರುತ್ತಿದ್ದವು. ಕುತ್ತಿಗೆ ನಿಲ್ಲುತ್ತಿರಲಿಲ್ಲ, ತಲೆ ಸದಾ ಮೇಲಕ್ಕೂ ಕೆಳಕ್ಕೂ ಆಡುತ್ತಿತ್ತು. ಯಾರು ಏನೇ ಕೇಳಿದರೂ ಹೂಂ ಅಂದಂತೆ ಕಾಣುತ್ತಿತ್ತು.

ಅದನ್ನೇ ಹಿಡಿದುಕೊಂಡರು ನಮ್ಮ ಭಾವ. ಇವರ ಅಣ್ಣ ತಿಪ್ಪೇರುದ್ರಪ್ಪನವರು ಕುರುಗೋಡಿನಲ್ಲಿ ತುಂಬು ಮನೆಯ ಯಜಮಾನರು. ಕೆಟ್ಟವರಲ್ಲ, ತಮ್ಮನೆಂದರೆ ಪ್ರಾಣ. ಆದರೆ ಆ ಪ್ರೀತಿಗೆ ಕಣ್ಣೂ ಇಲ್ಲ, ಕಿವಿಯೂ ಇಲ್ಲ. ಇವರು ಆಸ್ಪತ್ರೆಯಲ್ಲಿದ್ದಾಗ ನನ್ನನ್ನು ಒಂದು ಮಾತೂ ಕೇಳದೆ ಅಂಗಡಿಯ ಹಳೆಯ ಕಂಪ್ಯೂಟರನ್ನು ಎಕ್ಸ್‌ಚೇಂಜಿಗೆ ಕೊಟ್ಟು ಹೊಳೆಯುವ ಹೊಸದನ್ನು ತಂದಿಟ್ಟರು. ಹಳೆಯದರ ಬೆನ್ನಿಗೆ ಸಣ್ಣ ದುಂಡು ಪಿನ್ನಿನ ತೂತಿತ್ತು, ಈ ದಪ್ಪ ಪಿನ್ನು ಅದಕ್ಕೆ ಕೂಡಲೆಂದು ನಡುವೆ ಒಂದು ತುಂಡು ಜೋಡಿಸಿಕೊಂಡು ಇವರು ಕೆಲಸ ಮಾಡುತ್ತಿದ್ದರು. ಹೊಸದಕ್ಕೆ ಬರೀ ಚಪ್ಪಟೆ ಯುಎಸ್‌ಬಿ. ಎಕ್ಸ್‌ಚೇಂಜಿನವರು ಕೀಬೋರ್ಡನ್ನು ಮುಟ್ಟಲೂ ಇಲ್ಲವಂತೆ, ಅದಕ್ಕೇ ಉಳಿಯಿತು.

ಪ್ರತಿ ವಾರ ಭಾವನವರು ಬಂದು ತಮ್ಮನ ಮುಂದೆ ಕೂತು ಕೇಳುವರು: "ಜಂಬಣ್ಣ, ಕುರುಗೋಡಿಗಿ ಬರ್ತೀಯಪಾ? ಅಲ್ಲಿ ನೋಡ್ಕೊಳ್ಳಾಕ ಮನಿ ತುಂಬ ಮಂದಿ ಅದಾರ." ಇವರ ತಲೆ ಆಡುವುದು. "ನೋಡು ಕೊಟ್ರಮ್ಮ, ಹೂಂ ಅಂದ!"

"ಹೂಂ ಅಂದಿಲ್ರಿ ಭಾವ. ಅವರಿಗಿ ಮನಸ್ಸಿಲ್ಲ. ಅವರು ಒಲ್ಲೆ ಅಂತಾರ," ಎಂದು ನಾನು ಜಗಳಕ್ಕೆ ನಿಲ್ಲುತ್ತಿದ್ದೆ.

"ನಿನಗ್ಹ್ಯಾಂಗ ಗೊತ್ತು?"

"ಹೆಂಡ್ತಿಗಿ ಗೊತ್ತಿಲ್ದ ಮತ್ತ್ಯಾರಿಗಿ ಗೊತ್ತಾಗತೈತಿ?"

ಇಬ್ಬರೂ ಕಿರುಚಾಡುತ್ತಿದ್ದರೆ ನಡುವೆ ಇವರು ಗಾಲಿಕುರ್ಚಿಯಲ್ಲಿ ತಲೆಯಾಡಿಸುತ್ತ ಕೂತಿರುತ್ತಿದ್ದರು.

ಒಂದು ದಿನ ಗಂಜಿ ಕುಡಿಸುವಾಗ ನೋಡುತ್ತೇನೆ, ಎಡಗೈಯ ಆ ಎರಡು ಬೆರಳು ಮಂಚದ ಪಟ್ಟಿಯ ಮೇಲೆ ಆಡುತ್ತಿವೆ. ಒಂದು ಇತ್ತ, ಒಂದು ಅತ್ತ, ಮತ್ತೆ ಇತ್ತ. ನಡುಕವಲ್ಲ ಅದು. ಅಷ್ಟು ವರ್ಷ ಪಕ್ಕದ ಕುರ್ಚಿಯಲ್ಲಿ ಕೂತವಳಿಗೆ ಗೊತ್ತಾಗದೆ ಇರುತ್ತದೆಯೇ? ಅವರು ಟೈಪು ಮಾಡುತ್ತಿದ್ದರು! ಗಾಲಿಕುರ್ಚಿಗೆ ಕೂಡಿಸಿ ಹೊಸ ಕಂಪ್ಯೂಟರಿನ ಮುಂದೆ ನೂಕಿಕೊಂಡು ಹೋಗಿ, ಅದರ ಚಪ್ಪಟೆ ಕೀಬೋರ್ಡನ್ನು ತೊಡೆಯ ಮೇಲಿಟ್ಟೆ. ಅಂಗೈ ಕುಸಿಯಿತು, ಪರದೆಯ ತುಂಬ ಒಂದೇ ಅಕ್ಷರ ಇರುವೆ ಸಾಲಿನಂತೆ ಓಡಿತು. ಅವರ ಕಣ್ಣಲ್ಲಿ ನೀರು. ಆಮೇಲೆ ಹಳೆಯದನ್ನು ಅಟ್ಟದಿಂದ ಇಳಿಸಿ ಇಟ್ಟೆ. ಅಂಗೈ ಅದರ ಮೇಲೆ ಕುಸಿದರೂ ಸ್ಪ್ರಿಂಗುಗಳು ಜಗ್ಗಲಿಲ್ಲ. ಎರಡು ಬೆರಳು ಮಾತ್ರ ತಮಗೆ ಬೇಕಾದ ಕೀಲಿಯನ್ನು ಹುಡುಕಿ ಒತ್ತಿದವು. ಟಕ್. ಟಕ್. ಟಕ್. ವೈರು ನೆಲದ ಮೇಲೆ ಬಿದ್ದಿತ್ತು. ನನ್ನ ಗಂಡ ಐದು ತಿಂಗಳ ಮಾತನ್ನೆಲ್ಲ ಹೇಳುತ್ತಿದ್ದರು, ಅದೆಲ್ಲ ಗಾಳಿಗೆ ಹೋಗುತ್ತಿತ್ತು. ನಾನು ಹಟ ಹಿಡಿದದ್ದು ಅವತ್ತೇ. ಆ ಕೀಬೋರ್ಡು ಆ ಕಂಪ್ಯೂಟರಿಗೆ ಹತ್ತಲೇಬೇಕಿತ್ತು. ಇಲ್ಲವಾದರೆ ಭಾವನವರು ಒಂದು ದಿನ ಇವರನ್ನು ಎತ್ತಿಕೊಂಡು ಹೋಗುತ್ತಾರೆ, ಇವರ ಒಂದು ಮಾತೂ ಇಲ್ಲದೆ.

ಶಶಿಕಾಂತನ ಅಂಗಡಿಯಿಂದ ಮನೆಗೆ ಬಂದಾಗ ಸಿರುಗುಪ್ಪದ ದಾವಲಸಾಬ್ ಅಂಗಡಿಯ ಮುಂದೆ ಕಾಯುತ್ತಿದ್ದರು. ಅಕ್ಕಿ ಗಿರಣಿಯ ಬಿಲ್ ಬುಕ್ಕು ಮಾಡಿಸಲು ಮೊದಲಿನಿಂದಲೂ ನಮ್ಮಲ್ಲಿಗೇ ಬರುವವರು. ನನ್ನ ಕಂಕುಳಲ್ಲಿದ್ದುದನ್ನು ನೋಡಿದವರೇ, "ಅರೆ! ನಮ್ಮ ಗಿರಣಿ ಕಾಟಾದಾಗೂ ಇಂಥದ್ದೇ ಐತಲ್ರೀ ಬೆಹನಾ" ಎಂದರು. ಕಾಟಾ ಅಂದರೆ ಭತ್ತದ ಲಾರಿಗಳನ್ನು ತೂಗುವ ಕಡೆ. "ಹೊಟ್ಟಿನ ಧೂಳಿಗಿ ಹೊಸಾವು ತಡಿಯೂದಿಲ್ಲ, ಆರು ತಿಂಗಳಿಗಿ ಹಾಳಾಗತಾವು. ಅದಕ್ಕ ಹಳೇವನ್ನ ಬಿಟ್ಟಿಲ್ಲ. ಕಂಪ್ಯೂಟರ್ ಮಾತ್ರ ಹೊಸಾದು ಮೊನ್ನಿ ತಂದ್ವಿ."

"ಹೊಸಾದಕ್ಕ ಹಳೇದು ಹ್ಯಾಂಗ ಹತ್ತಿತು?"

"ಅದೆಲ್ಲ ನನಗ ತಿಳಿಯೂದಿಲ್ಲ. ನನ್ನ ಸೊಸಿ ಖುಷ್ಬೂ ಡಿಪ್ಲೊಮಾ ಮಾಡ್ಯಾಳ, ಎಲ್ಲಾ ಕಾಟಾದ ರಿಪೇರಿ ಆಕಿದೇ. ತಗೊಂಡು ಬರ್ರಿ."

ಮರುದಿನ ಬೆಳಿಗ್ಗೆ ಪಕ್ಕದ ಮನೆಯ ಪಕ್ಕೀರಮ್ಮನನ್ನು ಇವರ ಹತ್ತಿರ ಕೂಡಿಸಿ ಸಿರುಗುಪ್ಪದ ಬಸ್ಸು ಹತ್ತಿದೆ.

ಖುಷ್ಬೂನ ರಿಪೇರಿ ಅಂಗಡಿ ಗಿರಣಿಗಳ ಸಾಲಿನಲ್ಲೇ ಇತ್ತು. ಅಂಗಡಿಯ ಬಾಗಿಲವರೆಗೂ ಹೊಟ್ಟು ಹಾರಿ ಬಂದಿತ್ತು. ಆ ಹುಡುಗಿ ಕೀಬೋರ್ಡಿನ ಪಿನ್ನು ನೋಡಿದವಳೇ ನನಗೇ ಬೈಯಲು ಶುರು ಮಾಡಿದಳು. "ಯಾರ್ರೀ ಇದನ್ನ ಒತ್ತಿ ಒತ್ತಿ ಚುಚ್ಚಿದೋರು? ಕಡ್ಡಿ ಡೊಂಕಾಗೈತಿ ನೋಡ್ರಿ. ಜೋರ್ ಮಾಡಿದ್ರ ಮಿಷನ್ ಕೇಳತಾವಾ?"

"ನಾನ ಚುಚ್ಚಿದ್ದು. ಸಿಟ್ಟು ಬಂದಿತ್ತು."

"ನಿಮ್ಮ ಸಿಟ್ಟಿಗಿ ಕೀಬೋರ್ಡ್ ಏನ್ ಮಾಡಿತ್ತು ಆಂಟಿ?"

ನನಗೆ ಸರಿಸಾಟಿಯಾದವಳು ಸಿಕ್ಕಿದಳು ಅಂದುಕೊಂಡೆ. ಶಶಿಕಾಂತ್ ಕೊಟ್ಟ ನೇರಳೆ ಪಿನ್ನನ್ನು ತೋರಿಸಿದರೆ ಮೂಗು ಮುರಿದಳು. "ಇದು ಬರೇ ವೈರಿಗಿ ವೈರ್ ಕೂಡಸತೈತಿ. ಈ ಕೀಬೋರ್ಡ್ ಮಾತಾಡೂದು ಹಳೇ ಭಾಷಾ, ಯುಎಸ್‌ಬಿಗಿ ಅದು ತಿಳಿಯೂದಿಲ್ಲ. ತಮಿಳಿನಾಂವ ಬಂದು ನಿಮ್ಮ ಮನಿ ಮುಂದ ನಿಂತ್ರ ಬಾಗಲಾ ತಗದ್ರ ಸಾಕಾ? ಅಂವ ಏನ್ ಅನ್ನಾಕತ್ತಾನಂತ ತಿಳೀಬೇಕಲ್ಲ? ನಡುವ ಒಂದು ಚಿಪ್ ಕೂಡಬೇಕು, ಅದು ತಿಳಿಸಿ ಹೇಳತೈತಿ."

"ಹಂಗಾರ ಆ ಶಶಿಕಾಂತಗ ಇದು ಗೊತ್ತಿರಲಿಲ್ಲೇನು?"

"ಗೊತ್ತೈತಿ ಅಂದ್ರ ನಿಮಗ ಹೊಸಾದು ಹ್ಯಾಂಗ ಮಾರಬೇಕು ಅಂವ?"

ಬೆಂಕಿಪೆಟ್ಟಿಗೆಗಿಂತ ಚಿಕ್ಕ ಹಸಿರು ಹಲಗೆಯೊಂದಕ್ಕೆ ಅವಳು ನಾಲ್ಕು ವೈರು ಬೆಸುಗೆ ಹಾಕಿ, ಡೊಂಕಾದ ಕಡ್ಡಿಯನ್ನು ಇಕ್ಕಳದಿಂದ ನೆಟ್ಟಗೆ ಮಾಡಿ, ತನ್ನ ಕಂಪ್ಯೂಟರಿಗೆ ಚುಚ್ಚಿದಳು. ದೀಪ ಮಿಣುಕಿತು. ಆರಲಿಲ್ಲ. "ಹೆಸರು ಹೊಡೀರಿ" ಎಂದಳು. ಟಕ್ ಟಕ್ ಎಂದು ಇವರ ಹೆಸರು ಹೊಡೆದೆ. ಜಂಬುನಾಥ. ಪರದೆಯ ಮೇಲೆ ಜಂಬುನಾಥ ಎಂದೇ ಬಂತು. ನನಗೆ ಅಳು ಬಂತು, ಅದೂ ಸಿಟ್ಟಿನಿಂದಲೇ. ಇಷ್ಟು ಸಣ್ಣ ಹಲಗೆಗೆ ಐದು ತಿಂಗಳು ಬೇಕಾಯಿತಲ್ಲ.

"ಇನ್ನೊಂದು ಮಾತು. ಇದು ಕರೆಂಟ್ ಬಾಳ ಕುಡಿತೈತಿ. ಕಂಪ್ಯೂಟರಿನ ಬೆನ್ನಿಗೇ ಚುಚ್ಚಬೇಕು, ಮುಂದಿಂದಕ್ಕ ಬ್ಯಾಡ. ಮತ್ತ ಜೋರ್ ಮಾಡಬ್ಯಾಡ್ರಿ!" ಎಂದು ಹುಡುಗಿ ಹೇಳುತ್ತಿರುವಾಗಲೇ ನನ್ನ ಫೋನು ಬಡಿದುಕೊಂಡಿತು. ಪಕ್ಕೀರಮ್ಮ.

"ಕೊಟ್ರಮ್ಮಾ, ಲಗೂನ ಬಾ. ನಿಮ್ಮ ಭಾವ ಕಾರ್ ತಂದಾರ. ಅಣ್ಣಾರ ಅರಿಬಿ ಗಂಟು ಕಟ್ಟಾಕತ್ತಾರ. ಕುರುಗೋಡಿನ್ಯಾಗ ದೇವರ ಹತ್ರ ಹೂ ಕೇಳ್ಯಾರಂತ, ಬಲಕ್ಕ ಬಿತ್ತಂತ."

ನನ್ನ ಮೈಯೆಲ್ಲ ಉರಿದುಹೋಯಿತು. ಮನೆದೇವರಿಗೆ ಹೂ ಏರಿಸಿ, ಬಲಕ್ಕೆ ಬಿದ್ದರೆ ಆಗಲಿ, ಎಡಕ್ಕೆ ಬಿದ್ದರೆ ಬೇಡ ಎಂದು ತಿಳಿಯುವುದು ನಮ್ಮವರ ಪದ್ಧತಿ. ಹೆಣ್ಣು ಕೊಡುವಾಗ ಕೇಳುತ್ತಾರೆ, ಬೋರು ಹಾಕಿಸುವಾಗ ಕೇಳುತ್ತಾರೆ. ಕೇಳಲಿ. ನಾನೂ ಕೇಳಿದವಳೇ. ಆದರೆ ಒಳಗೆ ನೀರಿದೆಯೋ ಇಲ್ಲವೋ ಎಂದು ಹೇಳಲಾರದ ನೆಲದ ವಿಷಯ ಬೇರೆ, ಉಸಿರಾಡುತ್ತ ಕೂತಿರುವ ಮನುಷ್ಯನ ವಿಷಯ ಬೇರೆ. ಅಂಗೈ ಹುಣ್ಣಿಗೆ ಯಾರಾದರೂ ಕನ್ನಡಿ ಹುಡುಕುತ್ತಾರಾ? "ನಾ ಬರೂ ತನಕ ಕಾರಿನ ಮುಂದ ಮಲಗು ಪಕ್ಕೀರಮ್ಮ! ಹೊರಡಗೊಡಬ್ಯಾಡ!" ಎಂದು ಫೋನಿನಲ್ಲೇ ಕೂಗಿದೆ.

ಬಸ್ಸೋ, ಅದು ಎತ್ತಿನ ಗಾಡಿಯೇ ವಾಸಿ. ತೆಕ್ಕಲಕೋಟೆಯ ಹತ್ತಿರ ರಸ್ತೆಯಲ್ಲಿ ಗುಂಡಿಯೋ, ಗುಂಡಿಯಲ್ಲಿ ರಸ್ತೆಯೋ ತಿಳಿಯದು. ಒಂದೊಂದು ಗುಂಡಿಗೂ ಕೀಬೋರ್ಡು ನನ್ನ ತೊಡೆಯ ಮೇಲೆ ಎದ್ದು ಕುಪ್ಪಳಿಸಿತು. ಡ್ರೈವರನಿಗೆ ಬೈದೆ, ರಸ್ತೆ ಮಾಡಿದವನಿಗೆ ಬೈದೆ, ಸಿಟಿಯೊಳಗೆ ಬಂದ ಮೇಲೆ ಸಿಗ್ನಲಿಗೂ ಬೈದೆ. ಪಕ್ಕದ ಸೀಟಿನ ಹೆಂಗಸು ಎದ್ದು ಬೇರೆ ಸೀಟಿಗೆ ಹೋದಳು.

ಮನೆ ಮುಂದೆ ಕಾರು ನಿಂತಿತ್ತು. ಪಕ್ಕೀರಮ್ಮ ನಿಜವಾಗಿಯೂ ಅದರ ಮುಂದೆ ಚಾಪೆ ಹಾಸಿಕೊಂಡು ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಒಳಗೆ ಭಾವನವರು ಇವರ ಹಣೆಗೆ ವಿಭೂತಿ ಹಚ್ಚಿ, ಕಿವಿಗೆ ಆ ಹೂ ಇಟ್ಟು, ಹೊಸ ಪಂಚೆ ಉಡಿಸಿ ಕೂಡಿಸಿದ್ದರು. ಇವರ ಮುಖ ಕೆಂಡವಾಗಿತ್ತು. ತಲೆ ಮಾತ್ರ ಎಂದಿನಂತೆ ಆಡುತ್ತಿತ್ತು.

"ಸಿಟ್ಟಿಗೇಳಬ್ಯಾಡ ಕೊಟ್ರಮ್ಮ. ದೇವರ ಅಪ್ಪಣಿ ಆಗೈತಿ," ಎಂದರು ಭಾವ.

"ದೇವರಿಗಿ ಕೇಳೀರಿ. ಈ ಮನಶ್ಯಾಗ ಕೇಳೀರೇನು?"

"ಕೇಳಿದ್ರ ಹೂಂ ಅಂತಾನ, ನೀ ಒಲ್ಲೆ ಅಂತಿ. ಮತ್ತ ಯಾರಿಗಿ ಕೇಳ್ಲಿ? ಅದಕ್ಕ ಹೂವಿಗಿ ಕೇಳಿದೆ!"

"ಈಗ ಇವರಿಗೇ ಕೇಳ್ರಿ. ಇವರು ಹೇಳ್ತಾರ. ಆಮ್ಯಾಲ ಯಾರು ಬೇಕಾದ್ರೂ ಎಲ್ಲಿಗಿ ಬೇಕಾದ್ರೂ ಹೋಗ್ರಿ."

ಖುಷ್ಬೂ ಹೇಳಿದಂತೆ ಕಂಪ್ಯೂಟರಿನ ಬೆನ್ನಿಗೆ, ಜೋರು ಮಾಡದೆ, ಚುಚ್ಚಿದೆ. ದೀಪ ಮಿಣುಕಿತು, ಆರಲಿಲ್ಲ, ಖುಷ್ಬೂನ ಅಂಗಡಿಯಲ್ಲಿ ಆದಂತೆಯೇ. ಇವರ ಗಾಲಿಕುರ್ಚಿಯನ್ನು ಮೇಜಿಗೆ ನೂಕಿ ಎಡಗೈಯನ್ನೆತ್ತಿ ಕೀಬೋರ್ಡಿನ ಮೇಲಿಟ್ಟೆ. ಎರಡು ಬೆರಳು ಕೀಲಿಗಳನ್ನು ತಡವಿ ನೋಡಿದವು. ಟಕ್. ಟಕ್. ಟಕ್.

ಪರದೆಯ ಮೇಲೆ ಬಂದದ್ದು: ಶೂಂಣೀಋಊ.

ಇವರು ಪರದೆ ನೋಡಿ ಗುರುಗುಟ್ಟಿದರು. ಅಳಿಸಿ ಮತ್ತೆ ಹೊಡೆದರು. ಮತ್ತೆ ಅದೇ. ಮೂರನೆಯ ಸಲವೂ ಅದೇ. ಭಾವನವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಬುದ್ಧಿನೂ ಹೋಗೈತಿ ನನ್ನ ತಮ್ಮಂದು. ಸಾಕು ಬಿಡವ್ವ. ಮಂದಿ ಮುಂದ ಇವನ ಮರ್ಯಾದಿ ಕಳೀಬ್ಯಾಡ."

ಡಾಕ್ಟರು ಸುಳ್ಳು ಹೇಳಿದರೇ? ಇಷ್ಟು ದಿನ ನಾನು ಬಡಿದಾಡಿದ್ದು ಇದಕ್ಕೇ? ಭಾವನವರು ಕುರ್ಚಿಯನ್ನು ಹಿಂದಕ್ಕೆ ಎಳೆಯಲು ಕೈ ಹಾಕಿದರು. ಇವರು ಕತ್ತು ಹೊರಳಿಸಿ ನನ್ನನ್ನೇ ನೋಡಿದರು. ಆ ನೋಟ ನನಗೆ ಚೆನ್ನಾಗಿ ಗೊತ್ತು. ನಾನು ಮದುವೆ ಕಾರ್ಡಿನಲ್ಲಿ ವರನ ಹೆಸರು ತಪ್ಪಿಸಿದಾಗ ನೋಡುತ್ತಿದ್ದರಲ್ಲ, ಅದೇ ನೋಟ. ಬುದ್ಧಿ ಹೋದವರು ಹಾಗೆ ನೋಡುವುದಿಲ್ಲ. ನಾನು ಪರದೆಗೆ ಕಣ್ಣು ಕೀಲಿಸಿದೆ. ಶ, ಣ, ಈ, ಊ. ಎಲ್ಲವೂ ಶಿಫ್ಟು ಒತ್ತಿ ಹಿಡಿದರೆ ಬರುವ ಅಕ್ಷರಗಳೇ. ಆದರೆ ಇವರ ಬೆರಳು ಶಿಫ್ಟಿನ ಹತ್ತಿರವೂ ಇರಲಿಲ್ಲ.

"ಬಿಡ್ರಿ ಕುರ್ಚಿ!" ಎಂದು ಚೀರಿದೆ. ಭಾವನವರ ಕೈ ತಾನಾಗಿ ಸಡಿಲಿತು.

ಬಗ್ಗಿ ನೋಡಿದೆ. ಎಡಗಡೆಯ ಶಿಫ್ಟು ಉಳಿದ ಕೀಲಿಗಳಿಗಿಂತ ಕೂದಲೆಳೆಯಷ್ಟು ಕೆಳಗೆ ಕೂತಿತ್ತು. ತಲೆಯಿಂದ ಪಿನ್ನು ಕಿತ್ತು, ಸಂದಿಗೆ ಹಾಕಿ ಮೀಟಿದೆ. ಕೀಲಿ ಎಗರಿ ನೆಲಕ್ಕೆ ಬಿತ್ತು. ಅದರ ಕೆಳಗೆ ಏನಿತ್ತು ಗೊತ್ತೇ? ವಿಭೂತಿ! ಗಟ್ಟಿಯಾಗಿ, ಪದರು ಪದರಾಗಿ, ನಡುನಡುವೆ ಕುಂಕುಮ. ವರ್ಷಾವರ್ಷ ಆಯುಧ ಪೂಜೆಗೆ ನಮ್ಮ ಯಜಮಾನರು ವಿಭೂತಿಯನ್ನು ನೀರಲ್ಲಿ ಕಲಸಿ, ಮೂರು ಬೆರಳಿಂದ ಕೀಬೋರ್ಡಿನ ಈ ಕಡೆಯಿಂದ ಆ ಕಡೆಗೆ ಎಳೆಯುತ್ತಿದ್ದರು. ಮೇಲಿನದನ್ನು ಒರೆಸುತ್ತಿದ್ದೆವು, ಸಂದಿಗೆ ಇಳಿದದ್ದು ಅಲ್ಲೇ ಒಣಗುತ್ತಿತ್ತು. ತೆಕ್ಕಲಕೋಟೆಯ ಗುಂಡಿಗಳಿಗೆ ಆ ಹೆಂಟೆ ಸಡಿಲಾಗಿ ಕೀಲಿಯ ಕೆಳಗೆ ಸಿಕ್ಕಿಕೊಂಡಿತ್ತು.

"ನೋಡ್ರಿ ನಿಮ್ಮ ಭಕ್ತಿ!" ಎಂದು ಇವರ ಮೂಗಿನ ಮುಂದೆ ಆ ಹೆಂಟೆ ಹಿಡಿದೆ. "ತಮ್ಮ ಬಾಯಿಗಿ ತಾವ ವಿಭೂತಿ ಮೆತ್ಗೊಂಡು ಕುಂತಾರ! ಅಣ್ಣ ನೋಡಿದ್ರ ಹೂವಿಗಿ ಕೇಳ್ತಾರ, ತಮ್ಮ ನೋಡಿದ್ರ ಕೀಬೋರ್ಡಿಗಿ ಅಭಿಷೇಕ ಮಾಡ್ತಾರ! ಎಂಥಾ ಮನಿಗಿ ಬಂದೆನವ್ವ ನಾನು! ಐದು ತಿಂಗಳಿಂದ ನಾ ಒಬ್ಬಾಕಿ—"

ಉಫ್ ಎಂದು ಊದಿ, ಪಿನ್ನಿನಿಂದ ಕೆರೆದು, ಕೀಲಿಯನ್ನು ಮತ್ತೆ ಕೂಡಿಸಿದೆ. ಬಾಯಿ ಮಾತ್ರ ನಿಲ್ಲಲಿಲ್ಲ. ನಾನು ಬೈಯುತ್ತಿದ್ದಂತೆಯೇ ಟಕ್ ಟಕ್ ಶುರುವಾಯಿತು. ಪಕ್ಕೀರಮ್ಮ ಒಳಗೆ ಬಂದು ಪರದೆಯತ್ತ ಬೆರಳು ತೋರಿಸಿದಳು.

ಸುಮ್ನಿರು ಕೊಟ್ರಮ್ಮ.

ಭಾವನವರು ಮೊದಲು ಓದಿದರು, ಆಮೇಲೆ ಕನ್ನಡಕ ಹಾಕಿಕೊಂಡು ಮತ್ತೆ ಓದಿದರು. "ಹೌದಪಾ, ಹೇಳು ಅಕಿಗಿ!" ಎಂದು ತೊಡೆ ತಟ್ಟಿ ನಕ್ಕರು. ನಗುವಾಗಲೇ ಕಣ್ಣಿಂದ ನೀರು ಇಳಿಯುತ್ತಿತ್ತು.

ಟಕ್ ಟಕ್. ಅಣ್ಣಾ ನೀನೂ.

ಭಾವನವರು ಕುರ್ಚಿ ಎಳೆದುಕೊಂಡು ಕೂತರು. ಮನೆಯಲ್ಲಿ ಆ ಸಪ್ಪಳವೊಂದೇ. ಒಂದೊಂದು ಅಕ್ಷರಕ್ಕೂ ಅವರು ಬೆವರುತ್ತಿದ್ದರು, ಒರೆಸಲು ಹೋದರೆ ಮುಖ ತಿರುಗಿಸಿದರು. ಅಕ್ಷರ ಕೂಡಿ ಕೂಡಿ ಸಾಲಾಯಿತು.

ಕುರುಗೋಡಿಗಿ ಬರ್ತೀನಿ.

"ನೋಡಿದ್ಯಾ!" ಭಾವನವರು ಎದ್ದೇ ನಿಂತರು. "ನಾ ಹೇಳಿರ್ಲಿಲ್ಲಾ? ದೇವರ ಹೂ ಸುಳ್ಳಾಗತೈತೇನು?"

ಟಕ್ ಟಕ್ ಟಕ್. ಈ ಸಲ ಬೆರಳು ಕೀಲಿಯನ್ನು ಕುಟ್ಟುತ್ತಿತ್ತು. ಹೂ ಹೇಳಿದ್ದಕ್ಕಲ್ಲ. ನಾ ಹೇಳಿದ್ದಕ್ಕ.

ಭಾವನವರು ಕೂತರು. ಆಮೇಲೆ ಎದ್ದು ಬಂದು ತಮ್ಮನ ಕಿವಿಯ ಮೇಲಿದ್ದ ಹೂವನ್ನು ತಾವೇ ತೆಗೆದು ಜೇಬಿಗೆ ಹಾಕಿಕೊಂಡರು. "ತಪ್ಪಾತಪಾ" ಎಂದರು, ಯಾರಿಗೂ ಕೇಳಿಸದಂತೆ. ನನಗೆ ಕೇಳಿಸಿತು. ಆದರೆ ನನಗೆ ಆಗ ಅವರ ಮೇಲೆ ಸಿಟ್ಟಿರಲಿಲ್ಲ, ಇವರ ಮೇಲಿತ್ತು.

"ಏನಂದ್ರಿ? ಕುರುಗೋಡಿಗಿ ಹೋಗ್ತೀರಾ? ಇದನ್ನ ಕೇಳಾಕ ನಾ ಸಿರುಗುಪ್ಪಕ್ಕ ಹೋಗಿ ಬಂದೆನಾ? ಇವರು ಒಲ್ಲೆ ಅಂತಾರ, ಒಲ್ಲೆ ಅಂತಾರ ಅಂತ ಊರ ಮುಂದ ಬಾಯಿ ಬಡಕೊಂಡೆನಲ್ಲ!"

ನನ್ನ ಯಾವಾಗ ಕೇಳಿದ್ದಿ?

ಹೌದು, ಕೇಳಿರಲಿಲ್ಲ. ಭಾವ ತಲೆ ನೋಡಿ ಹೂಂ ಅಂದುಕೊಂಡರು, ನಾನು ನನ್ನ ಮನಸ್ಸು ನೋಡಿಕೊಂಡು ಒಲ್ಲೆ ಅಂದುಕೊಂಡೆ. ಆದರೂ ಸೋಲುವವಳೇ ನಾನು?

"ಈಗ ಕೇಳ್ತೀನಿ. ಯಾಕ ಹೋಗ್ತೀರಿ? ನಾ ಏನ್ ಕಡಿಮಿ ಮಾಡೀನಿ?"

ನೀ ಮಲಗಿಲ್ಲ. ಐದು ತಿಂಗಳಾತು. ಒಂದು ತಿಂಗಳು ಅಲ್ಲಿರ್ತೀನಿ. ನೀ ನಿದ್ದಿ ಮಾಡು.

"ನನಗ ನಿದ್ದಿ ಬ್ಯಾಡ."

ಬೇಕು.

"ಬ್ಯಾಡ ಅಂದ್ನಲ್ಲ!"

ಬೇಕು. ಆಮ್ಯಾಲ ಬಂದು ಕರಕೊಂಡು ಹೋಗು. ಬರಲಿಲ್ಲಂದ್ರ ನೋಡು.

"ಏನ್ ನೋಡ್ತೀರಿ? ಬರೂದಿಲ್ಲ. ಅಲ್ಲೇ ಇರ್ರಿ, ಅಣ್ಣನ ಮನಿ ಅನ್ನ ಉಂಡ್ಕೊಂಡು!"

ಅಣ್ಣನ ಮನಿ ಸಾರು ಚಲೋ ಇರತೈತಿ.

"ಅಂದ್ರ ನನ್ನ ಸಾರು?"

ಉಪ್ಪು ಜಾಸ್ತಿ.

ನಾನು ಕೂಗಿದೆ, ಅವರು ಕುಟ್ಟಿದರು. ನಾನು ಹಳೆಯದನ್ನೆಲ್ಲ ಎತ್ತಾಡಿದೆ, ಅವರು ಅದಕ್ಕಿಂತ ಹಳೆಯದನ್ನು ಎತ್ತಾಡಿದರು. ಭಾವನವರು ನಡುವೆ ಬರಲು ನೋಡಿದಾಗ ಇಬ್ಬರೂ ಸೇರಿ ಅವರನ್ನು ಸುಮ್ಮನಾಗಿಸಿದೆವು. ಪಕ್ಕೀರಮ್ಮ ಮಾಡಿಟ್ಟ ಚಹಾ ಆರಿ ಕೆನೆ ಕಟ್ಟಿತು. ಐದು ತಿಂಗಳಿಂದ ಈ ಮನೆಯಲ್ಲಿ ನನ್ನೊಬ್ಬಳದೇ ದನಿ ಇತ್ತು. ಆ ಮಧ್ಯಾಹ್ನ ಗಂಡ ಹೆಂಡತಿ ಮಾತಿಗೆ ಮಾತು ಕೊಟ್ಟು, ಬೀದಿಗೆಲ್ಲ ಕೇಳುವ ಹಾಗೆ ಜಗಳವಾಡಿದೆವು. ಕೊನೆಗೆ ಅವರೇ ಗೆದ್ದರು. ನಾನು ಅಳುತ್ತ, ಬೈಯುತ್ತ, ಕಂಪ್ಯೂಟರಿನ ವೈರು ಬಿಚ್ಚಿ, ಆ ಕೀಬೋರ್ಡಿನ ಸಮೇತ ಅದನ್ನು ಕಾರಿಗೆ ಹಾಕಿದೆ.